ಕೌದಿ ಕೋಣೆಯ ರೆಕಾರ್ಡಿಂಗು, ಔರಾದಿನ ಕುರಿಗಳು

ನಾನು ಹದಿನೇಳನೇ ವಯಸ್ಸಿಗೇ ನಿವೃತ್ತನಾದವನು. ನಗಬೇಡಿ. ದೊಡ್ಡವರು ಅರವತ್ತರ ತನಕ ಎಳೆದಾಡುವ ನೌಕರಿಯನ್ನು ನಾನು ಹತ್ತನೇ ಕ್ಲಾಸಿನ ರಜೆಯಲ್ಲಿ ಹಿಡಿದು ಪಿಯುಸಿ ಎರಡನೇ ವರ್ಷದ ಹೊಸ್ತಿಲಲ್ಲಿ ಮುಗಿಸಿದೆ. ಬೀದರ್ ಶಹರದಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಜನರ ಹಾಡು ರೆಕಾರ್ಡ್ ಮಾಡಿಕೊಡುವುದು ನನ್ನ ಕೆಲಸವಾಗಿತ್ತು. ರೆಕಾರ್ಡ್ ಮಾಡುವುದಕ್ಕೆ ಬಟನ್ ಒತ್ತಿದರೆ ಸಾಕು, ಅದನ್ನು ಬೆಕ್ಕೂ ಮಾಡುತ್ತದೆ. ನಾನು ಹಾಡುವವರ ಗಂಟಲು, ಉಸಿರು, ದವಡೆ ಎಲ್ಲವನ್ನೂ ರಿಪೇರಿ ಮಾಡಿ ಕಳಿಸುತ್ತಿದ್ದೆ. ಈಗ ಓಣಿಯ ಪೋರರೆಲ್ಲ ಮೈಕು ತಂದುಕೊಂಡು, "ಸಿದ್ದು ಅಣ್ಣಾ, ಆವಾಜ್ ಛಲೋ ಬರ್ಲತ್ತಿಲ್ಲ, ಏನ್ ಮಾಡ್ಲಿ?" ಅಂತ ಬಾಗಿಲಲ್ಲಿ ನಿಲ್ಲುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ವೃತ್ತಿಜೀವನದ ಅತಿ ದೊಡ್ಡ ಕೆಲಸ ಯಾವ ಗಾಯಕನದೂ ಅಲ್ಲ. ಔರಾದ್ ಕಡೆಯ ಬೀರಪ್ಪ ಎಂಬ ಕುರಿಗಾಹಿಯದು. ಆತನ ಹೊಟ್ಟೆಯಲ್ಲಿ ಹರ್ನಿಯಾ ಇತ್ತು. ಆಪರೇಷನ್ ಆಗಲೇಬೇಕಿತ್ತು, ಆತ ಒಲ್ಲೆ ಅನ್ನುತ್ತಿದ್ದ. ಆತ ಒಪ್ಪಬೇಕಾದರೆ ಆತನ ದನಿ ನನ್ನ ಮೈಕಿನಲ್ಲಿ ಸರಿಯಾಗಿ ತುಂಬಬೇಕಿತ್ತು. ಒಬ್ಬ ಮನುಷ್ಯನ ಕರುಳು ನನ್ನ ಕೈಯಲ್ಲಿ! ಡಾಕ್ಟರಿಕೆ ಓದದೆಯೇ!

ಆದರೆ ಆತ ಬರುವ ಹೊತ್ತಿಗೆ ನಾನು ಏನೇನು ಕಲಿತಿದ್ದೆ ಅನ್ನುವುದು ನಿಮಗೆ ಗೊತ್ತಿರಬೇಕು. ಇಲ್ಲದಿದ್ದರೆ ನನ್ನ ದೊಡ್ಡಸ್ತಿಕೆ ತಿಳಿಯುವುದಿಲ್ಲ.

ಮೊದಮೊದಲು ನಮ್ಮ ಕೋಣೆಯಲ್ಲಿ ಯಾರು ಹಾಡಿದರೂ ಕಿಲ್ಲೆಯ ಗುಮ್ಮಟದೊಳಗೆ ನಿಂತು ಕೂಗಿದಂತೆ ಕೇಳುತ್ತಿತ್ತು. ಬೋಳು ಗೋಡೆ, ಕಡಪಾ ಕಲ್ಲಿನ ನೆಲ. ದನಿ ಗೋಡೆಗೆ ಬಡಿದು ವಾಪಸ್ ಬಂದು ಮೈಕಿಗೆ ಇನ್ನೊಂದು ಸಲ ಬಡಿಯುತ್ತಿತ್ತು. ಅಜ್ಜಿ ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಗಳು ಟ್ರಂಕಿನ ತುಂಬ ಇದ್ದವು. ಎಲ್ಲವನ್ನೂ ತೆಗೆದು ಮೂರು ಗೋಡೆಗೆ ತೂಗುಹಾಕಿದೆ. ತಕ್ಷಣ ಕೋಣೆ ಎಷ್ಟು ಮೌನವಾಯಿತೆಂದರೆ ನನ್ನ ಹೊಟ್ಟೆ ಹಸಿದು ಗುರ್ ಅಂದದ್ದೂ ರೆಕಾರ್ಡ್ ಆಯಿತು. ಹಾಡಿನ ನಡುವೆ ಅದು ತಬಲಾದಂತೆ ಕೇಳುತ್ತಿತ್ತು.

ಹೊರಗಿನ ಗದ್ದಲಕ್ಕೆ ಕೌದಿ ಸಾಲಲಿಲ್ಲ. ಎದುರು ಮನೆಯ ಕೂಲರ್ರು, ಪಕ್ಕದ ಹಿಟ್ಟಿನ ಗಿರಣಿ, ಮೇಲಿನ ಮನೆಯ ನೀರಿನ ಮೋಟಾರು ಎಲ್ಲವೂ ನನ್ನ ಗಾಯಕರ ಜೊತೆ ಹಾಡುತ್ತಿದ್ದವು. ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಓಣಿಯೆಲ್ಲ "ಅಯ್ಯೋ" ಅಂದಿತು. ನಾನು ಕುಣಿದಾಡಿಬಿಟ್ಟೆ. ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಓಡುತ್ತದೆ, ಗಿರಣಿ ಓಡುವುದಿಲ್ಲ! ಅವತ್ತಿನಿಂದ ಕರೆಂಟ್ ಹೋಗುವ ಹೊತ್ತೇ ನನ್ನ ಸ್ಟುಡಿಯೋದ ಹೊತ್ತಾಯಿತು. ಬೀದರಿನಲ್ಲಿ ಕರೆಂಟ್ ಹೋಗಲಿ ಎಂದು ಕಾದು ಕೂತ ಏಕೈಕ ನಾಗರಿಕ ನಾನು.

ಇನ್ನು ಪ, ಬ, ಭ. ಈ ಅಕ್ಷರಗಳು ಬಂದಾಗ ಬಾಯಿಂದ ಗಾಳಿ ಗುಂಡಿನಂತೆ ಹಾರಿ ಮೈಕಿಗೆ ಹೊಡೆಯುತ್ತದೆ. ಅಡುಗೆಮನೆಯ ಜರಡಿಗೆ ಅಕ್ಕನ ಹಳೇ ಓಢಣಿ ಬಿಗಿದು ಮೈಕಿನ ಮುಂದೆ ಕಟ್ಟಿದೆ. ಮೈಕಿಗೂ ಬಾಯಿಗೂ ಒಂದು ಗೇಣು ದೂರ. ಮೇಲಿನ ಸ್ವರ ಬಂದರೆ ಮುಖ ತುಸು ಪಕ್ಕಕ್ಕೆ. ಹಾಡುವ ಮೊದಲು ತಣ್ಣೀರು, ಮೊಸರು, ಅಡಿಕೆ, ತಂಬಾಕು ಬಂದ್. ಉಗುರುಬೆಚ್ಚನೆ ನೀರು ಮಾತ್ರ. ಆಮೇಲೆ ಎಲ್ಲರೂ ತುಟಿ ಸಡಿಲ ಬಿಟ್ಟು 'ಬುರ್‍ರ್‍ರ್' ಅನ್ನಬೇಕು, ಚಳಿಯಲ್ಲಿ ಟ್ರ್ಯಾಕ್ಟರ್ ಚಾಲೂ ಮಾಡಿದಂತೆ. ಅದರಿಂದ ಗಂಟಲು ಬಿಡುತ್ತದೆ, ಉಸಿರು ಒಂದೇ ಸಮನೆ ಹೊರಬರುತ್ತದೆ. ಕಮಠಾಣದ ಒಬ್ಬ ಹೈಸ್ಕೂಲ್ ಮಾಸ್ತರು ನನ್ನ ಮುಂದೆ ನಿಂತು ಟ್ರ್ಯಾಕ್ಟರ್ ಆದರು. ಗುರುವಿಗೇ ಗೇರ್ ಹಾಕಿಸಿದವನು ನಾನು.

ಭಾತಂಬ್ರಾದ ಶಕುಂತಲಾ ಕಾಕಿಯದು ಬೇರೆಯೇ ತೊಂದರೆ. ಭಾಲ್ಕಿ ತಾಲೂಕಿನಲ್ಲೆಲ್ಲ ಅವರ ಭಜನಾ ಮಂಡಳಿ ಹೆಸರುವಾಸಿ. ಪುಣೆಯಲ್ಲಿರುವ ಮೊಮ್ಮಗಳಿಗೆ ತೊಟ್ಟಿಲ ಹಾಡು ಕಳಿಸಬೇಕೆಂದು ಬಂದರು. ಮೊದಲ ಸಾಲು ಹಾಡಿದರು. ಆಹಾ! ಆಮೇಲೆ ಸುಮ್ಮನೆ ಕೂತರು. ನಾನು ಕಾದೆ. ಅವರೂ ಕಾದರು.

"ಕಾಕಿ, ಮುಂದಿನ ಸಾಲು ಮರ್ತ್ರೇನು?"

"ನಾ ಯಾಕ ಮರೀಲಿ? ಮಂದಿ ಇನ್ನಾ ಹೇಳೇ ಇಲ್ಲಲ್ಲ!"

ಎಷ್ಟೋ ವರ್ಷ ಅವರು ಒಂದು ಸಾಲು ಹೇಳುವುದು, ಮಂಡಳಿಯವರು ಅದನ್ನು ತಿರುಗಿ ಹೇಳುವುದು. ಅವರ ಉಸಿರು ಆ ಲೆಕ್ಕಕ್ಕೇ ಕೂತುಬಿಟ್ಟಿತ್ತು. ಮಂದಿ ಹಾಡುವಾಗ ಇವರು ಆರಾಮಾಗಿ ಗಾಳಿ ತುಂಬಿಕೊಳ್ಳುತ್ತಿದ್ದರು. ಒಂದೇ ಸಮನೆ ಹಾಡಿಸಿದರೆ ಮೂರನೇ ಸಾಲಿಗೆ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಆಗ ನಾನು ಕಳ್ಳ ಉಸಿರು ಕಲಿಸಿದೆ. ಬಿಸಿ ಚಹಾವನ್ನು ಸದ್ದಿಲ್ಲದೆ ಹೀರಿದಂತೆ ಬಾಯಿಂದ ಗಬಕ್ಕನೆ ಗಾಳಿ ಎಳೆದುಕೊಳ್ಳಬೇಕು, ಭುಜ ಮೇಲೇಳಬಾರದು, ಪಕ್ಕೆಲುಬು ಅಗಲವಾಗಬೇಕು. ಜೊತೆಗೆ ನಾನೇ ಎದುರು ಕೂತು ಇಡೀ ಮಂಡಳಿಯ ಪರವಾಗಿ ದನಿಯಿಲ್ಲದೆ ತುಟಿ ಆಡಿಸಿ ತಾಳ ಹಾಕಿದೆ. ಹಾಡು ಪುಣೆ ಮುಟ್ಟಿತು. ಆಮೇಲೆ ಕಾಕಿ ಫೋನ್ ಮಾಡಿ, "ಕೂಸು ಮಲಗ್ತದ ಖರೆ, ಅದಕ್ಕಿಂತ ಮೊದಲು ಅಳಿಯ ಮಲಗ್ಲತ್ತಾನ," ಅಂದರು.

ಇಂಥ ಕೀರ್ತಿಯ ತುದಿಯಲ್ಲಿ ನಾನು ಕೂತಿದ್ದಾಗ ಮೇಲಧಿಕಾರಿಗಳಿಂದ ಆಜ್ಞೆ ಬಂತು. ನನ್ನ ಮೇಲಧಿಕಾರಿ ಎಂದರೆ ಅವ್ವ. ಅವ್ವ ಇಲ್ಲೇ ಒಂದು ದವಾಖಾನೆಯಲ್ಲಿ ನರ್ಸ್. ಅವಳ ಒಂದು ನೋಟಕ್ಕೆ ಜ್ವರವೇ ಇಳಿದು ಹೋಗುತ್ತದೆ.

"ಸಿದ್ದು, ನಾಳಿ ಒಬ್ಬರಿಗೆ ಕರಕೊಂಡು ಬರ್ತೇನಿ. ಅವರ ಆವಾಜ್ ತುಂಬಿ ಕೊಡು."

"ಯಾರವ್ವ? ಸಿಂಗರಾ?"

"ಕುರಿ ಕಾಯೋರು."

"ಏನ್ ಹಾಡ್ತಾರ?"

"ಹಾಡಂಗಿಲ್ಲ. ಕುರಿಗಿ ಕರೀತಾರ."

ನಾನು ನಕ್ಕೆ. ಅವ್ವ ನಗಲಿಲ್ಲ. ಕೈಯಲ್ಲಿದ್ದ ಬ್ಯಾಗನ್ನು ಮೇಜಿನ ಮೇಲಿಟ್ಟು ಹೇಳಿದಳು: "ಡಾಕ್ಟರ್ ಆಪರೇಷನ್‌ಗಿ ತಾರೀಖ್ ಕೊಡ್ತಾರ, ಇಂವ ಓಡಿ ಹೋಗ್ತಾನ. ಮತ್ತ ಕೊಟ್ರು, ಮತ್ತ ಓಡಿ ಹೋದ. ಆಪರೇಷನ್ ಆದ ಮ್ಯಾಲ ಬಕ್ಕಳ ದಿನ ಒದರಂಗಿಲ್ಲ, ಭಾರ ಎತ್ತಂಗಿಲ್ಲ. 'ನಾ ಒದರಲಿಲ್ಲಂದ್ರ ಕುರಿ ಮನಿಗಿ ಬರಂಗಿಲ್ರಿ' ಅಂತಾನ. ಯಾವತ್ತರ ಕರಳು ಸಿಕ್ಕೊಂಡ್ರ ಔರಾದಿಂದ ಇಲ್ಲಿಗಿ ತರೋದ್ರೊಳಗ ಜೀವಕ್ಕೇ ಬರ್ತದ. ಮಗಳು ಅಳ್ಲತ್ತಾಳ. ಅಪ್ಪನ ಆವಾಜ್ ತುಂಬ್ಕೊಂಡು ಹೋಗಿ ಸ್ಪೀಕರ್‌ದಾಗ ಹಚ್ಚಿದ್ರ ಕುರಿ ಬರ್ತಾವೇನೋ ಅಂತ ಆಕೀ ವಿಚಾರ. ಬಂದ್ವಂದ್ರ ಆಪರೇಷನ್ ಮಾಡಸ್ಕೋತೇನಿ ಅಂತ ಮಾತು ಕೊಟ್ಟಾನ."

ಬಂದರು. ಬಿಳಿ ರುಮಾಲು, ಹೆಗಲ ಮೇಲೆ ಕರೀ ಕಂಬಳಿ, ತೆಳ್ಳಗೆ ಎತ್ತರದ ಆಳು. ಹಿಂದೆ ಮಗಳು ಶಾಂತಾ. ಅಪ್ಪ ಮಾತಿನ ಮಲ್ಲ, ಮಗಳು ಸುಮ್ಮನಿದ್ದೇ ಕೆಲಸ ಮಾಡುವವಳು.

"ನಾ ಮೊಬೈಲದಾಗ ತುಂಬಿ ನೋಡ್ದೆನ್ರಿ," ಅಂದಳು ಶಾಂತಾ. "ಹಳೀ ಅರಬಿ ಹರದಂಗ ಕೇಳಸ್ತದ. ಕುರಿ ಅಂಜಿ ಓಡಿ ಹೋದ್ವು."

ಹೌದು. ಹೊಲದ ಆ ತುದಿಗೆ ಮುಟ್ಟುವ ಕೂಗನ್ನು ಮೊಬೈಲಿನ ಕಿವಿಗೆ ನೇರವಾಗಿ ಹೊಡೆದರೆ ಅದು ಹರಿಯದೆ ಇನ್ನೇನು ಮಾಡೀತು? ನಾನು ಬಹಳ ಗಂಭೀರವಾಗಿ ತಲೆಯಾಡಿಸಿದೆ. ಅವ್ವ ಬಾಗಿಲಲ್ಲಿ ನಿಂತು ಒಂದೇ ಷರತ್ತು ಹಾಕಿದಳು: "ಇವರ ಕೈ ಹೊಟ್ಟಿ ಮ್ಯಾಲ ಹೋಯ್ತಂದ್ರ ನಿನ್ನ ಮಷಿನ್ ಬಂದ್. ತಿಳೀತಾ?"

ಅಂದರೆ ಜೋರಾಗಿ ಕೂಗಿಸುವ ಹಾಗಿಲ್ಲ. ಆಗಲಿ, ಜೋರು ಮಾಡುವುದಕ್ಕೆ ಮಷಿನ್ ಇದೆಯಲ್ಲ. ಕರೆಂಟ್ ಹೋಗುವುದನ್ನು ಕಾದು ಕೂತೆವು. ಹೋಯಿತು. ಬೀರಪ್ಪ ಕಾಕಾ ಕೌದಿಗಳನ್ನು ನೋಡಿದರು, ಆಮೇಲೆ ಮೈಕಿನ ಮುಂದಿನ ಜರಡಿ ನೋಡಿದರು.

"ಏನ್ ತಮ್ಮಾ, ಹಿಟ್ಟು ಸಾಣಿಸಿದಂಗ ನನ್ನ ಆವಾಜ್ ಸಾಣಿಸ್ತಿ ಏನು? ತೌಡು ಎಲ್ಲಿ ಬೀಳ್ತದ?"

"ಕಾಕಾ, ನೀವು ಸುಮ್ನ ಕುರಿಗಿ ಕರೀರಿ."

ಕಾಕಾ ಗಂಟಲು ಸರಿಮಾಡಿಕೊಂಡು, ರುಮಾಲು ನೆಟ್ಟಗೆ ಮಾಡಿಕೊಂಡು, ಮೈಕಿಗೆ ಕೈ ಮುಗಿದರು. "ಸಮಸ್ತ ಜನತೆಗೆ ಬೀರಪ್ಪ ಮಾಡುವ ನಮಸ್ಕಾರಗಳು."

"ಕಾಕಾ! ಜನತೆಗಿ ಬ್ಯಾಡ, ಕುರಿಗಿ!"

"ಇಲ್ಲಿ ಕುರಿ ಎಲ್ಲವ? ಖಾಲಿ ಕೋಣ್ಯಾಗ ಕುರಿಗಿ ಕರದ್ರ ಮಂದಿ ನನಗ ಏನಂತಾರ?"

"ಏನೂ ಅನ್ನಂಗಿಲ್ಲ ಅಪ್ಪಾ, ಕರಿ," ಅಂದಳು ಶಾಂತಾ.

ನಾನು ಹೆಡ್‌ಫೋನ್ ಹಾಕಿದೆ. ಅದೇ ಎಡವಟ್ಟಾಯಿತು. ತಮ್ಮ ದನಿ ತಮಗೇ ಕಿವಿಯ ಹತ್ತಿರ ಕೇಳಿದ ಕೂಡಲೇ ಅವರ ಕಣ್ಣು ಲಡ್ಡುವಿನಷ್ಟಾದವು. "ಅಯ್ಯಯ್ಯ, ನಾ ಇಷ್ಟು ಛಲೋ ಅದೀನೇನು?" ಅಂದರು. ಆಮೇಲೆ ಕರೆದದ್ದು ಕುರಿಯನ್ನಲ್ಲ, ಮದುವೆ ಮಂಟಪಕ್ಕೆ ಹೆಣ್ಣನ್ನು ಕರೆದಂತೆ. "ಹೋಓಓ ಚಂದ್ರೀ, ಬಾ ಬಾ ಬಾ..." ಬೆಣ್ಣೆ! ಚಂದ್ರಿ ಎಂದರೆ ಹಿಂಡಿನ ಮುಂದಾಳು ಕುರಿ, ಹಣೆಯ ಮೇಲೆ ಬಿಳಿ ಬೊಟ್ಟು. ಅದು ಬಂದರೆ ಉಳಿದವು ಹಿಂದೆ ಬರುತ್ತವೆ. ಕೈ ಹೊಟ್ಟೆಯ ಮೇಲೆ ಹೋಗಲಿಲ್ಲ, ಅವ್ವ ಖುಷಿ. ದನಿ ಅರಬಿಯಂತೆ ಹರಿಯಲಿಲ್ಲ, ನಾನು ಖುಷಿ. ಬೀರಪ್ಪ ಕಾಕಾ ಅದನ್ನೇ ಮತ್ತೆ ಮತ್ತೆ ಹಚ್ಚಿ ಕೇಳಿ ಎಲ್ಲರಿಗಿಂತ ಖುಷಿ. ನಾನು ಮೇಲೊಂದಿಷ್ಟು ಗುಮ್ಮಟದ ಮಾರ್ದನಿ ಸವರಿ ಕೊಟ್ಟೆ, ಬಿರಿಯಾನಿಗೆ ಪುದೀನಾ ಉದುರಿಸಿದಂತೆ.

ಮುಂದಿನ ರವಿವಾರ ಸ್ಪೀಕರ್ ತೊಡೆಯ ಮೇಲಿಟ್ಟುಕೊಂಡು ಔರಾದ್ ಬಸ್ಸಿನಲ್ಲಿ ಕೂತಿದ್ದೆ. ಕಪ್ಪು ಕನ್ನಡಕ ಹಾಕಿಕೊಂಡಿದ್ದೆ, ಕುರಿಗಳು ಫೋಟೋ ಕೇಳಿದರೆ ಇರಲಿ ಅಂತ. ಅವರ ಹೊಲ ಊರಿಂದ ಸ್ವಲ್ಪ ಹೊರಗೆ, ಕೆಂಪು ಕಲ್ಲಿನ ಇಳಿಜಾರು. ಕುರಿಗಳು ಆಚೆ ದಿನ್ನೆಯ ಮೇಲೆ ಮೇಯುತ್ತಿದ್ದವು. ಬೀರಪ್ಪ ಕಾಕಾ ಕಾಣಬಾರದೆಂದು ಕಲ್ಲಿನ ಗೋಡೆಯ ಹಿಂದೆ ಕೂತರು. ಶಾಂತಾ ಸ್ಪೀಕರ್ ಹಿಡಿದು ನಿಂತಳು. ನಾನು ಬಟನ್ ಒತ್ತಿದೆ.

ಕುರಿಗಳು ತಲೆ ಎತ್ತಿದವು. ಒಂದು ಟಗರು ನಿಧಾನಕ್ಕೆ ಇಳಿದು ಬಂತು. ಸ್ಪೀಕರನ್ನು ಮೂಸಿತು. ಸೀನಿತು. ತಿರುಗಿ ಹೋಯಿತು. ಉಳಿದವು ನನ್ನ ಕಲಾಕೃತಿಗೆ ಬೆನ್ನು ತೋರಿಸಿ ಪಕ್ಕದವರ ತೊಗರಿ ಹೊಲದ ಕಡೆ ನಡೆದವು.

"ಅಪ್ಪಾ, ತೊಗರಿ!" ಅಂದಳು ಶಾಂತಾ.

ಬೀರಪ್ಪ ಕಾಕಾ ಗೋಡೆ ಹಾರಿ ಬಂದು ಒಂದು ಕೂಗು ಹಾಕಿದರು. ಅದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಸೂಜಿ ಹೋದಂತೆ ಹೋಯಿತು ಆ ದನಿ. ಚಂದ್ರಿ ಗಕ್ಕನೆ ನಿಂತಿತು, "ಬ್ಯಾ" ಅಂದಿತು, ತಿರುಗಿತು. ಹಿಂಡೆಲ್ಲ ತಿರುಗಿತು. ಆದರೆ ಬೀರಪ್ಪ ಕಾಕಾ ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಹಣೆಯ ಮೇಲೆ ಬೆವರು.

ಶಾಂತಾ ನೀರು ಕುಡಿಸಿದಳು, ಆಮೇಲೆ ನನ್ನ ಕಡೆ ತಿರುಗಿದಳು. "ತಮ್ಮಾ, ನೀ ಮಾಡಿದ ಹಾಡು ಭಾಳ ಛಲೋ ಅದ. ನಮಗ ಹಾಡು ಬ್ಯಾಡ, ಅಪ್ಪ ಬೇಕು."

ಬೀರಪ್ಪ ಕಾಕಾ ಉಸಿರು ಬಂದ ಮೇಲೆ ಮೀಸೆ ಒರೆಸಿಕೊಂಡರು. "ನಾ ಹೇಳ್ದೆನಿಲ್ಲ? ನಾ ಇಲ್ದೇ ಆಗಂಗಿಲ್ಲ. ಆ ಆಪರೇಷನ್ ಬಿಟ್ಟು ಬಿಡ್ರಿ." ಅಷ್ಟು ನೋವಿನಲ್ಲೂ ಅವರ ಮುಖದ ಮೇಲೆ ಏನೋ ಒಂದು ನಿರಾಳ ಇತ್ತು. ನನಗೆ ಆಗ ಅದು ತಿಳಿಯಲಿಲ್ಲ.

ಪೋರರೇ, ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಹಾಡುವವನು ಯಾರಿಗೆ ಹಾಡುತ್ತಿದ್ದಾನೆ ಅನ್ನುವುದು ಗೊತ್ತಿಲ್ಲದೆ ಬಟನ್ ಒತ್ತಬೇಡಿ. ಕಿವಿಯ ಹತ್ತಿರ ಹೆಡ್‌ಫೋನ್ ಇಟ್ಟರೆ ಮನುಷ್ಯ ತನಗೆ ತಾನೇ ಹಾಡಿಕೊಳ್ಳುತ್ತಾನೆ. ಬೀರಪ್ಪ ಕಾಕಾ ಬೀರಪ್ಪ ಕಾಕಾನನ್ನೇ ಕರೆದಿದ್ದರು, ಅವರು ಅಲ್ಲೇ ಇದ್ದರು, ಬಂದಾಗಿತ್ತು. ಕುರಿಗೆ ಅದರಲ್ಲಿ ಏನು ಕೆಲಸ?

ವಾಪಸ್ ಬಸ್ಸಿಗೆ ಕಾಯುತ್ತ ಹೊಲದ ಬದಿಯಲ್ಲಿ ನಿಂತಿದ್ದೆ. ಮುಖ ತೊಳೆಯದ ಬಟಾಟೆಯಂತಾಗಿತ್ತು. ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಗುಡುಗುಡು ಹೋಗುತ್ತಿತ್ತು. ಆ ಗದ್ದಲವನ್ನು ಸೀಳಿಕೊಂಡು ದಿನ್ನೆಯ ಮೇಲಿಂದ ಒಂದು ಮರಿಯ ದನಿ ಬಂತು: "ಮ್ಯಾಹೆಹೆಹೆ!" ಬೆಕ್ಕಿನಷ್ಟು ಮರಿ. ಅದರ ಹೊಟ್ಟೆ ನನ್ನ ಮುಷ್ಟಿಯಷ್ಟಿರಬಹುದು. ಆ ಮುಷ್ಟಿಯಿಂದ ಟ್ರ್ಯಾಕ್ಟರ್ ದಾಟುವ ದನಿ ಎಲ್ಲಿಂದ ಬಂತು?

ಬಸ್ಸಿನಲ್ಲಿ ಕೂತು ನಾನೇ ಮಾಡಿ ನೋಡಿದೆ. "ಮ್ಯಾಹೆಹೆ." ಮೂಗಿನ ಎಲುಬು ಜುಮ್ ಅಂದಿತು. ಇನ್ನೊಮ್ಮೆ, ಸ್ವಲ್ಪ ಜೋರಾಗಿ. ಹೊಟ್ಟೆ ಅಲುಗಲೇ ಇಲ್ಲ! ದನಿ ಮಾತ್ರ ಡ್ರೈವರ್ ತನಕ ಹೋಯಿತು. ಜೋರು ಬೇಕೆಂದರೆ ಹೊಟ್ಟೆಯಿಂದ ನೂಕಲೇಬೇಕಾಗಿಲ್ಲ, ದನಿಯನ್ನು ಗಂಟಲಿನಿಂದ ಎತ್ತಿ ಮುಖದ ಮುಂಭಾಗದಲ್ಲಿ ಕುಣಿಸಬೇಕು! ನನಗೆ ಸೀಟಿನಲ್ಲಿ ಕೂರಲಾಗಲಿಲ್ಲ. ಎದ್ದು ನಿಂತು ಮೂರನೇ ಸಲ ಒದರಿದೆ.

ಕಂಡಕ್ಟರ್ ಜನರನ್ನು ಸರಿಸಿಕೊಂಡು ಹಿಂದೆ ಬಂದ. "ಯಾರಪಾ ಕುರಿ ತಂದೋರು? ಲಗೇಜ್ ಟಿಕೇಟ್ ತಗೋರಿ!"

"ಕುರಿ ಇಲ್ಲರಿ, ನಾನೇ."

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿನಗ ಹಾಫ್ ಟಿಕೇಟ್ ಸಾಕಿತ್ತು ನೋಡು."

ಮನೆಗೆ ಬಂದವನೇ ಅವ್ವನ ಕೈಕಾಲು ಹಿಡಿದೆ. ಅವ್ವ ಫೋನ್ ಮಾಡಿ ಶಾಂತಾಳ ಕೈಕಾಲು ಹಿಡಿದಳು. ಶಾಂತಾ ಅಪ್ಪನನ್ನು ಹೇಗೆ ಎಬ್ಬಿಸಿದಳೋ ಗೊತ್ತಿಲ್ಲ, ಅಂತೂ ಮುಂದಿನ ವಾರ ಇಬ್ಬರೂ ಬಂದರು. ಈ ಸಲ ಕೌದಿ ಕೋಣೆಗೆ ಬೀಗ. ಕರೆದುಕೊಂಡು ಹೋದದ್ದು ಮಾಳಿಗೆಗೆ, ಬಯಲಿಗೆ. ಹೆಡ್‌ಫೋನ್ ಇಲ್ಲ, ಜರಡಿ ಇಲ್ಲ. ಮೈಕನ್ನು ಬಾಯಿಂದ ಎರಡು ಮಾರು ದೂರ, ಪಕ್ಕಕ್ಕೆ ಇಟ್ಟೆ. ಮಾಳಿಗೆಯಲ್ಲಿ ಗಾಳಿ ಜೋರು. ಗಾಳಿ ಮೈಕಿಗೆ ಬಡಿದರೆ ಭರ್ ಅನ್ನುತ್ತದೆ. ಶಾಂತಾಳ ಚೀಲದಲ್ಲಿ ಕತ್ತರಿಸಿದ ಉಣ್ಣೆ ಇತ್ತು. ಅದನ್ನೇ ಮೈಕಿನ ಸುತ್ತ ಸಡಿಲವಾಗಿ ಹೊದಿಸಿ ದಾರ ಕಟ್ಟಿದೆ. ಮೈಕು ಥೇಟ್ ಮರಿಯಂತೆ ಕಾಣುತ್ತಿತ್ತು. ಬೀರಪ್ಪ ಕಾಕಾ ಅದರ ತಲೆ ಸವರಿದರು.

"ಕಾಕಾ, ಇವತ್ತು ಕರಿಯೋದು ಆಮ್ಯಾಲ. ಮೊದಲು ಮರಿ ಹ್ಯಾಂಗ ಒದರ್ತದ ಮಾಡಿ ತೋರಿಸ್ರಿ."

"ಇದೇನ್ ಚಾಷ್ಟಿ ಹಚ್ಚೀಯೋ?"

"ಚಾಷ್ಟಿ ಅಲ್ರಿ. ನಾ ಮೊದಲು ಮಾಡ್ತೇನಿ." ನಾನು ಮಾಳಿಗೆಯ ಆ ತುದಿಗೆ ಹೋಗಿ ಕೈ ಮೊಣಕಾಲೂರಿ ನಿಂತು ಒದರಿದೆ.

ಬೀರಪ್ಪ ಕಾಕಾ ಕಿವಿ ಮುಚ್ಚಿಕೊಂಡರು. "ಥೂ, ಅದು ರೋಗ ಬಂದ ಮರಿ!" ಆಮೇಲೆ ತಡೆಯಲಾಗದೆ ತಾವೇ ಒದರಿದರು. ತಾಯಿ ಮರಿಯನ್ನು ಒಲ್ಲೆ ಅಂದಾಗ ಅವರು ಮರಿಯ ಹಾಗೆ ಒದರಿಯೇ ಹಾಲು ಕುಡಿಸುತ್ತಿದ್ದರಂತೆ. ಅಬ್ಬಾ, ಎಂಥ ಒದರು! ಎದುರಿನ ಮಾಳಿಗೆಯಲ್ಲಿ ಒಣಹಾಕಿದ ಸಂಡಿಗೆ ತಿನ್ನುತ್ತಿದ್ದ ಕಾಗೆಗಳು ಎದ್ದವು. ಅವ್ವ ಅವರ ಕೈಗಳನ್ನೇ ನೋಡುತ್ತಿದ್ದಳು. ಕೈ ಸೊಂಟದ ಪಕ್ಕದಲ್ಲಿ ಆರಾಮಾಗಿ ಜೋತಾಡುತ್ತಿದ್ದವು.

"ಬೇನಿ ಆಗ್ಲತ್ತದೇನ್ರಿ?" ಅಂದಳು ಅವ್ವ.

"ಇಲ್ಲರಿ ಬಾಯಿ. ಮೂಗ್ಯಾಗ ಜುಮ್ ಜುಮ್ ಅನ್ಲತ್ತದ."

"ಅದೇ! ಅದೇ ಜಾಗಾ!" ನಾನು ನಾಲ್ಕು ಕಾಲಿನಲ್ಲೇ ಕುಣಿದೆ. "ಈಗ ಬಾಯಿ ಮುಚ್ಚಿ ಮ್ಮ್‌ಮ್ಮ್ ಅನ್ರಿ, ಬೆರಳು ಮೂಗಿನ ಮ್ಯಾಲ ಇಡ್ರಿ. ಜುಮ್ ಅನ್ನೋದು ಬಿಡಬ್ಯಾಡ್ರಿ. ಹಂಗೇ ಬಾಯಿ ತೆಗೀರಿ. ನನಗ ಕರೀರಿ! ನಾ ತೊಗರಿ ಹೊಲಕ್ಕ ಹೊಂಟೇನಿ!"

ಅಷ್ಟರಲ್ಲಿ ಕೆಳಗಿನಿಂದ ಪಕ್ಕದ ಮನೆಯ ಮಾಮಾ ಕೂಗಿದರು. "ನರ್ಸಬಾಯಿ, ಕುರಿ ಕಡೀಲತ್ತೀರೇನು? ನಮಗೊಂದು ಪಾಲು ಇಡ್ರಿ!"

ಅವ್ವ ನನ್ನನ್ನೊಮ್ಮೆ ನೋಡಿ ಕೂಗಿದಳು. "ಇದ್ದ ಒಂದು ಕುರಿ ಬರೀ ಎಲುವು ಅದರಿ ಅಣ್ಣಾ, ನಿಮಗ ಸಾಲಂಗಿಲ್ಲ!"

ಬೀರಪ್ಪ ಕಾಕಾ ನಕ್ಕರು. ನಗು ಇನ್ನೂ ಮುಖದಲ್ಲಿರುವಾಗಲೇ ಬಾಯಿ ತೆರೆದು ಕರೆದರು. "ಹೋಓಓಓ ಚಂದ್ರೀ! ಬಾ ಬಾ ಬಾ ಬಾ! ಟ್ರ್‍ರ್‍ರ್!"

ಸೂಜಿ. ಹೊಲದಲ್ಲಿ ಕೇಳಿದ ಅದೇ ಸೂಜಿ. ಬಹಳ ನೂಕಲಿಲ್ಲ, ಮುಖ ಕೆಂಪಾಗಲಿಲ್ಲ, ಹೊಟ್ಟೆಯ ಮೇಲೆ ಕೈ ಹೋಗಲಿಲ್ಲ. ನಡುವೆ ಒಂದು ಕಡೆ ದನಿ ಒಡೆಯಿತು, ಹಾಗೇ ಇಟ್ಟೆ. ಪುದೀನಾ ಉದುರಿಸಲಿಲ್ಲ. ಲ್ಯಾಪ್‌ಟಾಪಿನ ಮುಂದೆ ಕೈ ಕಟ್ಟಿಕೊಂಡು ಕೂತೆ, ಚಟ ಬಿಡುವವರ ಹಾಗೆ.

ಮತ್ತೆ ಔರಾದು. ಕಪ್ಪು ಕನ್ನಡಕ ಮನೆಯಲ್ಲೇ ಬಿಟ್ಟಿದ್ದೆ, ನನಗೂ ಭಯವಿತ್ತು. ಈ ಸಲ ಕುರಿ ಬರಲಿಲ್ಲವೆಂದರೆ ಬೀರಪ್ಪ ಕಾಕಾ ಇನ್ನು ದವಾಖಾನೆಯ ಕಡೆ ತಲೆ ಹಾಕಿ ಮಲಗುವುದೂ ಇಲ್ಲ ಎಂದು ಅವ್ವ ಹೇಳಿ ಕಳಿಸಿದ್ದಳು. ಅವರು ಬೇವಿನ ಮರದ ಹಿಂದೆ ಕಂಬಳಿ ಹೊದ್ದು ನಿಂತರು. ಶಾಂತಾ ಸ್ಪೀಕರನ್ನು ಸೊಂಟಕ್ಕೆ ಕಟ್ಟಿಕೊಂಡು ಹಟ್ಟಿಯ ಬಾಗಿಲಲ್ಲಿ ನಿಂತಳು. ಬಟನ್ ಆಕೆಯೇ ಒತ್ತಿದಳು.

"ಹೋಓಓಓ ಚಂದ್ರೀ!"

ದಿನ್ನೆಯ ಮೇಲೆ ತಲೆಗಳು ಎದ್ದವು. ಯಾವುದೂ ಅಲುಗಲಿಲ್ಲ. ನನ್ನ ಎದೆ ಹಿಟ್ಟಿನ ಗಿರಣಿಯಂತೆ ಓಡುತ್ತಿತ್ತು. ಶಾಂತಾ ಇನ್ನೊಮ್ಮೆ ಒತ್ತಿದಳು. ಆಗ ಬಿಳಿ ಬೊಟ್ಟಿನ ಚಂದ್ರಿ ಒಂದು ಹೆಜ್ಜೆ ಮುಂದಿಟ್ಟು, ಕುತ್ತಿಗೆ ಚಾಚಿ, "ಬ್ಯಾ" ಅಂದಿತು. ಇಳಿಯಿತು! ಅದರ ಹಿಂದೆ ಟಗರು, ಅದರ ಹಿಂದೆ ಮರಿಗಳು, ಆಮೇಲೆ ಇಡೀ ದಿನ್ನೆಯೇ ಉಣ್ಣೆಯಾಗಿ ಉರುಳಿ ಬಂತು! ಧೂಳೋ ಧೂಳು! ನಾನು ಕಿರುಚಿದೆ, ಅಂಗಿ ಬಿಚ್ಚಿ ತಿರುಗಿಸಿದೆ. ವಿಶ್ವಕಪ್ ಗೆದ್ದವರೂ ಅಷ್ಟು ಕುಣಿದಿರಲಿಕ್ಕಿಲ್ಲ. ಕುರಿಗಳು ಬೇವಿನ ಮರದ ಪಕ್ಕದಿಂದಲೇ ಹಾದು ಸ್ಪೀಕರಿನ ಸುತ್ತ ಮುತ್ತಿಕೊಂಡವು. ಚಂದ್ರಿ ಶಾಂತಾಳ ಸೊಂಟದ ಸ್ಪೀಕರನ್ನು ನೆಕ್ಕಿತು.

ಬೀರಪ್ಪ ಕಾಕಾ ಮರದ ಹಿಂದಿನಿಂದ ಬಂದರು. "ನನ್ನ ಮಗ್ಗಲದಿಂದೇ ಹೋದ್ವು," ಅಂದರು. "ತಿರುಗಿ ಸುದ್ದಾ ನೋಡ್ಲಿಲ್ಲ."

"ಅಪ್ಪಾ, ಇನ್ನ ನಡಿ ದವಾಖಾನಿಗಿ," ಅಂದಳು ಶಾಂತಾ. ಆಕೆಯ ಕಣ್ಣು ತುಂಬಿದ್ದವು.

ಬೀರಪ್ಪ ಕಾಕಾ ಕಲ್ಲಿನ ಮೇಲೆ ಕೂತರು. ನನ್ನನ್ನು ಹತ್ತಿರ ಕರೆದು, ಶಾಂತಾಳಿಗೆ ಕೇಳಿಸದ ಹಾಗೆ ಕೇಳಿದರು. "ತಮ್ಮಾ, ನಿಮ್ಮ ಅವ್ವ ದವಾಖಾನ್ಯಾಗ ಇರ್ತಾಳಲ್ಲ. ಖರೆ ಹೇಳು. ಹೊಟ್ಟಿ ಕೊಯ್ಯೋ ಮುಂದ ಮನುಷ್ಯಾಗ ಗೊತ್ತಾಗ್ತದೇನು?"

ಅವತ್ತಿನ ನಿರಾಳದ ಮುಖ ಆಗ ನನಗೆ ತಿಳಿಯಿತು. ಇಷ್ಟು ದಿನ ಅವರು ಕುರಿಗಳ ಹಿಂದೆ ಅಡಗಿ ಕೂತಿದ್ದರು, ಈಗ ಕುರಿಗಳು ಪಕ್ಕಕ್ಕೆ ಸರಿದುಬಿಟ್ಟಿದ್ದವು. ಅವ್ವನಿಗೆ ಫೋನ್ ಹಚ್ಚಿ ಅವರ ಕಿವಿಗೆ ಕೊಟ್ಟೆ. ಅವ್ವ ಏನು ಹೇಳಿದಳೋ, ಅವರು "ಹೂಂ ರಿ... ಹೂಂ ರಿ... ನೀವು ಅಲ್ಲೇ ಇರ್ತೀರಲ್ರಿ?" ಅಂದರು. ಆಮೇಲೆ ಫೋನ್ ವಾಪಸ್ ಕೊಟ್ಟು ರುಮಾಲು ಕೊಡವಿದರು. "ಆತು. ಹೇಳ್ರಿ ಡಾಕ್ಟರಿಗಿ."

ಆಪರೇಷನ್ ಸುಸೂತ್ರವಾಯಿತು. ಅವ್ವ ತಲೆಯ ಹತ್ತಿರವೇ ನಿಂತಿದ್ದಳಂತೆ. ಔರಾದಿನಲ್ಲಿ ಶಾಂತಾ ಸಂಜೆ ಸಂಜೆ ಬಟನ್ ಒತ್ತುತ್ತಿದ್ದಳು, ಕುರಿಗಳು ಬರುತ್ತಿದ್ದವು.

ಆದರೆ ಹೊಸ ಪರೇಶಾನಿ ಶುರುವಾಯಿತು. ಡಾಕ್ಟರು ಮನೆಗೆ ಹೋಗಿ ಎಂದರೂ ಬೀರಪ್ಪ ಕಾಕಾ ಹಾಸಿಗೆ ಬಿಟ್ಟೇಳಲಿಲ್ಲ. ನಾನು ನೋಡಲು ಹೋದಾಗ ದಿಂಬಿಗೆ ಒರಗಿ ವಾರ್ಡಿನವರಿಗೆಲ್ಲ ಮೂಗಿನಲ್ಲಿ ಹೇಗೆ ಕರೆಯಬೇಕೆಂದು ಪಾಠ ಹೇಳುತ್ತಿದ್ದರು.

"ಮನಿಗಿ ನಡೀರಿ ಕಾಕಾ. ಬಿಟ್ಟಾರ ಈಗ."

"ಹೋಗಿ ಏನ್ ಮಾಡ್ಲಿ ತಮ್ಮಾ? ಅವಕ್ಕ ನಾ ಬೇಕಾಗೇ ಇಲ್ಲ. ಸ್ಪೀಕರ್ ಅದ. ಇಲ್ಲಿ ಚಹಾ ಸುದ್ದಾ ಛಲೋ ಅದ."

ತಮಾಷೆಯ ಹಾಗೆ ಅಂದರು. ಆದರೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡಿದ್ದರು. ಅವ್ವ ನನ್ನನ್ನು ಪಕ್ಕಕ್ಕೆ ಎಳೆದು, "ಇದಕ್ಕೂ ಏನರ ಮಾಡೋ ಶಾಣ್ಯಾ," ಅಂದಳು. ನಾನು ಸುಮ್ಮನೆ ಶಾಂತಾಳಿಗೆ ಫೋನ್ ಮಾಡಿ ಹೇಳಿದೆ. ಆಕೆ "ಹೌದಾ?" ಅಂದು ಇಟ್ಟುಬಿಟ್ಟಳು.

ಸ್ವಲ್ಪ ಹೊತ್ತಿಗೆ ನನ್ನ ಮೊಬೈಲಿಗೆ ಒಂದು ರೆಕಾರ್ಡಿಂಗ್ ಬಂತು. ವಾರ್ಡಿನಲ್ಲೇ ಹಚ್ಚಿದೆ. ಗಾಳಿ ಭರ್ ಭರ್ ಅನ್ನುತ್ತಿತ್ತು, ದೂರದಲ್ಲಿ ಯಾರದೋ ಮೋಟಾರು, ಮೈಕಿಗೆ ಏನೋ ಉಜ್ಜಿದ ಸದ್ದು. ಶಾಂತಾಳ ದನಿ ಕೇಳಿತು: "ಚಂದ್ರೀ, ಅಪ್ಪ ಎಲ್ಲಿ? ಅಪ್ಪಗ ಕರಿ." ಆಮೇಲೆ ಗಾಳಿ. ಆಮೇಲೆ, ಬಹಳ ಹತ್ತಿರದಿಂದ, ಉದ್ದಕ್ಕೆ: "ಬ್ಯಾಆಆ."

ಅದರಲ್ಲಿ ಸರಿಯಿದ್ದದ್ದು ಒಂದೂ ಇರಲಿಲ್ಲ. ಗಾಳಿ ತೆಗೆದು, ಮೋಟಾರು ತೆಗೆದು, ದನಿ ಮುಂದಕ್ಕೆ ತಂದು ಕೊಡೋಣವೆಂದು ನಾನು ಇನ್ನೂ ಯೋಚಿಸುತ್ತಿದ್ದೆ. ತಿರುಗಿ ನೋಡಿದರೆ ಹಾಸಿಗೆ ಖಾಲಿ. ಬೀರಪ್ಪ ಕಾಕಾ ರುಮಾಲು ಸುತ್ತಿಕೊಂಡು, ಒಂದು ಕೈ ಮಂಚಕ್ಕೆ ಹಿಡಿದು, ಮಂಚದ ಕೆಳಗೆ ಕಾಲಿನಿಂದ ಚಪ್ಪಲಿ ಹುಡುಕುತ್ತಿದ್ದರು.